ಜ್ವರಕ್ಕೆ ಕೂತ ಅರ್ಥಕೀಟಗಳು

ಗಾಜಿನ ಪೆಟ್ಟಿಗೆಯೊಳಗೆ ರಾಗಿಕಾಳಿನಷ್ಟು ಸಣ್ಣ ಯಂತ್ರಹುಳುಗಳು ಹಳೆಯ ಚೀನೀ ಪುಸ್ತಕವೊಂದರ ಮೇಲೆ ತೆವಳುತ್ತಿದ್ದವು. ಇವೇ ಅರ್ಥಕೀಟಗಳು. ಒಂದು ಅಕ್ಷರಕ್ಕೆ ಬೇರೆ ಬೇರೆ ಭಾಷೆಗಳಲ್ಲಿರುವ ಅರ್ಥಗಳನ್ನೆಲ್ಲ ಇವು ಹೀರಿಕೊಳ್ಳುತ್ತವೆ. ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತವರಿಗೆ ಆ ಅರ್ಥ ಕನಸಾಗಿ ಕಾಣುತ್ತದೆ. ಸೋಮಾರಿಗಳಿಗಂತೂ ಹಬ್ಬ.

ಇವನ್ನು ರೂಪಿಸಿದ ವಿಜ್ಞಾನಿ ಇಂದುಧರ, ಶಿಡ್ಲಘಟ್ಟದಿಂದ ಬಂದಿದ್ದ ಅತ್ತೆ ಪಿಳ್ಳಮ್ಮನವರಿಗೆ ಒಂದು ಅಕ್ಷರ ತೋರಿಸಿದ: 蠹.

"ಚೀನಾದಲ್ಲಿ ಇದು ಮರ ಕೊರೆಯೋ ಹುಳು, ಅತ್ತೆ. ನಾಡನ್ನ ಒಳಗಿಂದ ತಿನ್ನೋ ದ್ರೋಹಿಗೂ ಇದೇ ಹೆಸರು. ಜಪಾನಿನಲ್ಲಿ ಪುಸ್ತಕ ತಿನ್ನೋ ಹುಳು, ಕೊರಿಯಾದಲ್ಲಿ ಬಟ್ಟೆ ತಿನ್ನೋದು."

"ಎಲ್ಲೋದ್ರೂ ಹುಳಕ್ಕೆ ಬೈಗುಳಾನೇನಾ?" ಜೀವಮಾನವಿಡೀ ರೇಷ್ಮೆಹುಳು ಸಾಕಿದ ಪಿಳ್ಳಮ್ಮ ನೊಂದುಕೊಂಡರು.

ಅಷ್ಟರಲ್ಲಿ ಎಡವಟ್ಟಾಯಿತು. ಆ ಅರ್ಥ ಕುಡಿದ ಹುಳುಗಳು ಅದು ತಮ್ಮದೇ ಹೆಸರೆಂದು ನಂಬಿ ಪುಟಗಳನ್ನು ತಿನ್ನತೊಡಗಿದವು! ಆ ಪುಸ್ತಕಕ್ಕೆ ಇನ್ನೊಂದು ಪ್ರತಿ ಲೋಕದಲ್ಲೇ ಇರಲಿಲ್ಲ. ಉಳಿದ ಪುಟಗಳಾದರೂ ದಕ್ಕಲೆಂದು ಇಂದುಧರ ಹುಳುಗಳನ್ನು ಸುಡುವ ಗುಂಡಿ ಒತ್ತಲು ಕೈ ಚಾಚುವಷ್ಟರಲ್ಲಿ, ಅವು ತಲೆಯೆತ್ತಿ ಸ್ತಬ್ಧವಾದವು.

ಪಿಳ್ಳಮ್ಮ ಅವನ ಕೈ ಹಿಡಿದರು. "ಮುಟ್ಟಬ್ಯಾಡಿ ಅಳಿಯಂದ್ರೇ! ನಮ್ಮ ರೇಷ್ಮೆಹುಳದಂಗೇ ಜ್ವರಕ್ಕೆ ಕೂತವೆ. ಪೊರೆ ಬಿಡೋ ಹೊತ್ನಾಗೆ ಯಾರಾದ್ರೂ ಗದ್ದಲ ಮಾಡ್ತಾರಾ?"

"ಜ್ವರ ಅಲ್ಲ ಅತ್ತೆ, ಶಕ್ತಿ ಮುಗಿದಿದೆ ಅಷ್ಟೆ. ಇವು ಯಂತ್ರ!"

"ಯಂತ್ರ ಆದ್ರೇನು, ಎದ್ದಮ್ಯಾಲೆ ಹಸಿವಾಗಲ್ವಾ?"

ಅತ್ತೆಯ ಹಿಡಿತದಿಂದ ಬಿಡಿಸಿಕೊಳ್ಳುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ. ಪಿಳ್ಳಮ್ಮ ದೀಪ ತಗ್ಗಿಸಿದರು. ಅಂಗಳದ ಹಿಪ್ಪುನೇರಳೆ ಗಿಡದಿಂದ ಎಳೆಯ ಸೊಪ್ಪು ತಂದು, ಊರಲ್ಲಿ ತಮ್ಮ ರೇಷ್ಮೆಹುಳುಗಳಿಗೆ ಹಾಕುವಂತೆಯೇ ಮೆಲ್ಲಗೆ ಹರಡಿದರು. ಎಲೆಯ ಹಸಿ ತಾಗಿ ಹುಳುಗಳಿಗೆ ಶಕ್ತಿ ಬಂತು. ಅವು ಪುಸ್ತಕ ಬಿಟ್ಟು ಸೊಪ್ಪು ಮೇಯತೊಡಗಿದವು. ಕೋಣೆಯ ತುಂಬ ಸೋನೆ ಹಿಡಿದಂಥ ಸದ್ದು.

ಆಮೇಲೆ ನಡೆದದ್ದು ಯಾವ ಸೂತ್ರದಲ್ಲೂ ಇರಲಿಲ್ಲ. ಹುಳುಗಳು ನೂಲು ಬಿಟ್ಟವು, ಬೆಳದಿಂಗಳ ಬಣ್ಣದ ನೂಲು. ಪಿಳ್ಳಮ್ಮ ಅದನ್ನು ಊರಿಗೆ ಒಯ್ದು ಒಂದು ಶಾಲು ನೇಯಿಸಿ ಅಳಿಯನಿಗೆ ಕಳಿಸಿದರು.

ಕಳೆದುಹೋದ ಪುಟಗಳ ಚಿಂತೆಯಲ್ಲಿ ಸೊರಗಿದ್ದ ಇಂದುಧರ ಒಂದು ಮಧ್ಯಾಹ್ನ ಆ ಶಾಲು ಹೊದ್ದು ಮಲಗಿದ. ಹುಳುಗಳು ತಿಂದ ಪುಟಗಳು ಕನಸಿನಲ್ಲಿ ಒಂದೊಂದಾಗಿ ಬಿಚ್ಚಿಕೊಂಡವು. ಮಂಜಿನ ಹೊಳೆ, ದೋಣಿ, ದಡದಲ್ಲಿ ಯಾರೋ ಕಾಯುತ್ತಿರುವುದು, ಎಲ್ಲವೂ ಇದ್ದವು. ನಿದ್ದೆಯಲ್ಲೇ ಅವನಿಗೆ ಅಳು ಬಂತು. ಕೊನೆಗೆ ಆ ಅಕ್ಷರವೂ ಬಂತು. ಆದರೆ ಅಲ್ಲಿ ಕೊರೆದ ಮರವಿಲ್ಲ, ದ್ರೋಹಿಯಿಲ್ಲ. ಸುಕ್ಕುಗಟ್ಟಿದ ಕೈಯೊಂದು ಮೆಲ್ಲಗೆ ಸೊಪ್ಪು ಹರಡುತ್ತಿತ್ತು.

ಎದ್ದವನೇ ಅತ್ತೆಗೆ ಫೋನ್ ಮಾಡಿ ಹೇಳಿದ.

"ಒಂದೇ ಸಲ ಅಲ್ವಾ ಸೊಪ್ಪು ಹಾಕಿದ್ದು," ಎಂದರು ಪಿಳ್ಳಮ್ಮ. "ಅವು ಮರೀಲೇ ಇಲ್ಲ ನೋಡಿ, ಪಾಪ."