ಫೌಲ್ ಮಾಡಿದವರೇ ಕೈ ಎತ್ತಬೇಕು

ಅವನು ಪಕ್ಕಕ್ಕೆ ಸರಿದುಬಿಟ್ಟ!

ಚೆಂಡು ಹಿಡಿದು ರಿಂಗಿನತ್ತ ನುಗ್ಗಿದ್ದ ಪಂಚಮಿ ಒಂದು ಕ್ಷಣ ತಬ್ಬಿಬ್ಬಾದಳು. ಎದುರಿಗಿದ್ದವನು ಆರಡಿ ಎತ್ತರದ ಹುಡುಗ. ಒಂದು ಕೈ ಚಾಚಿದ್ದರೆ ಸಾಕಿತ್ತು. ಅವನೋ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮದುವೆ ಮನೆಯಲ್ಲಿ ನೆಂಟರಿಗೆ ದಾರಿ ಬಿಡುವವನ ಹಾಗೆ ನಿಂತಿದ್ದ.

ಅವಳು ಚೆಂಡು ಹಾಕಿದಳು. ಬಿತ್ತು. ಸುತ್ತಲೂ ಚಪ್ಪಾಳೆ.

"ಹುಡುಗಿ ಬಾಸ್ಕೆಟ್! ಮೂರು ಪಾಯಿಂಟ್!"

ಎಲ್ಲರೂ ಖುಷಿಪಟ್ಟರು. ಪಂಚಮಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಚೆಂಡನ್ನು ಎತ್ತಿ ತಂದು ಆ ಹುಡುಗನ ಕೈಗೆ ತುರುಕಿದಳು.

"ನೀವು ಆಡೋಕೆ ಬಂದಿದ್ದಾ, ನೋಡೋಕೆ ಬಂದಿದ್ದಾ?"

"ರೂಲ್ ಹಾಗಿದೆಯಲ್ಲ..." ಅವನು ಮೆಲ್ಲಗೆ ಅಂದ.

"ರೂಲ್ ಅಂತೆ, ರೂಲ್!"

ಅವನ ಹೆಸರು ಅಶ್ವಿನ್. ಕಳಸದವನು, ಎಂ.ಕಾಂ. ಕೊನೆಯ ವರ್ಷ. ಅವಳು ಬಾಳೂರಿನವಳು, ಬಿ.ಕಾಂ. ಕೊನೆಯ ವರ್ಷ. ಇಬ್ಬರೂ ಓದುತ್ತಿದ್ದದ್ದು ಮೂಡಿಗೆರೆಯ ಒಂದೇ ಕಾಲೇಜಿನಲ್ಲಿ.

ಆ ವರ್ಷ ಮೊದಲ ಬಾರಿಗೆ ಹುಡುಗ ಹುಡುಗಿಯರು ಒಟ್ಟಿಗೆ ಆಡುವ ಬಾಸ್ಕೆಟ್‌ಬಾಲ್ ಶುರುವಾಗಿತ್ತು. ಸಂಜೆ ಹೊತ್ತಿನ ಸುಮ್ಮನೆ ಖುಷಿಗೆ ಆಡುವ ಆಟ, ತರಗತಿಗೊಂದು ತಂಡ. ರೆಫ್ರಿ ಇಲ್ಲ. ದೈಹಿಕ ಶಿಕ್ಷಣದ ದಯಾನಂದ ಸರ್ ಸಮಯ ನೋಡಿ, ಪಾಯಿಂಟ್ ಬರೆಯುತ್ತಿದ್ದರು, ಅಷ್ಟೇ. ಫೌಲ್ ಮಾಡಿದವರು ತಾವೇ ಕೈ ಎತ್ತಿ ಒಪ್ಪಿಕೊಳ್ಳಬೇಕು. ಆ ನಿಯಮ ಪಂಚಮಿಗೆ ಬಹಳ ಹಿಡಿಸಿತ್ತು.

ಹಿಡಿಸದೇ ಇದ್ದದ್ದು ಇನ್ನೊಂದು. ಹುಡುಗಿ ಹಾಕಿದ ಬಾಸ್ಕೆಟ್‌ಗೆ ಎರಡರ ಬದಲು ಮೂರು ಪಾಯಿಂಟ್. ಅವಳು ಚೆಂಡು ಹಾಕುವಾಗ ಹುಡುಗರು ತಡೆಯಬಾರದು. ತಡೆದರೆ, ಬಾಸ್ಕೆಟ್ ಬಿದ್ದ ಲೆಕ್ಕ!

ಪಂಚಮಿ ಆಟ ಕಲಿತದ್ದು ಮನೆಯ ಕಾಫಿ ಒಣಗಿಸುವ ಕಣದಲ್ಲಿ. ಬಾಳೂರಿನ ಗುಡ್ಡದಲ್ಲಿ ಅವರಿಗಿದ್ದ ಸಮತಟ್ಟಾದ ಜಾಗ ಅದೊಂದೇ. ಅಪ್ಪ ಕಾಶೀನಾಥ ಕಣದ ಅಂಚಿನ ಹಲಸಿನ ಮರಕ್ಕೆ ರಿಂಗ್ ಹೊಡೆದುಕೊಟ್ಟಿದ್ದರು. ಕೊಯ್ಲಿನ ಕಾಲದಲ್ಲಿ ಹಗಲೆಲ್ಲ ಕಣದ ತುಂಬ ಕಾಫಿ. ಸಂಜೆ ಅದನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದ ಮೇಲೆಯೇ ಅವಳ ಆಟ. ಚೆಂಡು ಗುರಿ ತಪ್ಪಿ ಗುಡ್ಡೆಗೆ ಬಡಿದರೆ ಅಮ್ಮನ ಬೈಗುಳ ಗ್ಯಾರಂಟಿ. ಹಾಗಾಗಿ ಗುರಿ ತಪ್ಪದಂತೆ ಹಾಕುವುದನ್ನು ಅವಳು ಬೇಗನೆ ಕಲಿತಿದ್ದಳು.

ಆದರೆ ಎದುರಿಗೆ ಯಾರೂ ಇರುತ್ತಿರಲಿಲ್ಲ. ಕಾಲೇಜಿನಲ್ಲೂ ಅಷ್ಟೇ. ಹುಡುಗಿಯರ ತಂಡಕ್ಕೆ ಐದು ಜನ ಸೇರಲೇ ಇಲ್ಲ.

'ಇದು ನನ್ನ ಕೊನೇ ವರ್ಷ. ಒಬ್ಬ ತಡೆಯೋಕೆ ನಿಂತಾಗ, ಅವನನ್ನ ಮೀರಿ ಒಂದೇ ಒಂದು ಸಲ ಹಾಕ್ಬೇಕು. ಒಂದೇ ಒಂದು!'

ಮರುದಿನವೇ ಅವಳು ದಯಾನಂದ ಸರ್ ಎದುರು ನಿಂತಳು.

"ಸಾರ್, ಆ ರೂಲ್ ತೆಗೀರಿ."

"ಎಂತ ಮಾರಾಯ್ತಿ, ನಿಮಗೆ ಅನುಕೂಲ ಆಗ್ಲಿ ಅಂತ ಇರೋದು. ನಾನು ಬರೆದದ್ದೂ ಅಲ್ಲ. ಬರೆದುಕೊಂಡು ಬಂದವನೇ ಅಶ್ವಿನ್."

ಪಂಚಮಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಓಹೋ... ಹುಡುಗಿಯರ ಕೈಲಿ ಏನೂ ಆಗಲ್ಲ ಅಂತ ತೀರ್ಮಾನ ಮಾಡಿದ ಮಹಾಶಯರು ಇವರೇನಾ!

ಅಲ್ಲಿಂದ ಮೂರು ವಾರ ಅವನು ನಕ್ಕರೆ ಇವಳು ಮುಖ ತಿರುಗಿಸಿದಳು. ಕ್ಯಾಂಟೀನಿನಲ್ಲಿ ಅವನು ಕೂತ ಸಾಲಿನಲ್ಲಿ ಕೂರಲಿಲ್ಲ. ಆದರೂ ಅವನು ಇವತ್ತು ಬಂದಿದ್ದಾನೋ ಇಲ್ಲವೋ ಎಂದು ಕಣ್ಣು ಮಾತ್ರ ಹುಡುಕುತ್ತಿತ್ತು. ಸಿಟ್ಟಿಗೂ ಒಂದು ನೆಪ ಬೇಕಲ್ಲ, ಪಾಪ!

ಫೈನಲ್‌ಗೆ ಬಂದದ್ದು ಬಿ.ಕಾಂ. ಮತ್ತು ಎಂ.ಕಾಂ. ತಂಡಗಳು. ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಅವನ ಹತ್ತಿರ ಹೋದಳು.

"ನಾಳೆ ನೀವು ನನ್ನೆದುರು ಪಕ್ಕಕ್ಕೆ ಸರಿದ್ರೆ, ಮತ್ತೆ ಯಾವತ್ತೂ ನನ್ನ ಮುಖ ನೋಡ್ಬೇಡಿ."

"ತಡೆದ್ರೆ ನಮ್ಮ ಟೀಮಿಗೆ ನಷ್ಟ ಆಗತ್ತೆ ಪಂಚಮಿ."

"ನಿಮ್ಮ ರೂಲ್ ತಾನೆ? ನೀವೇ ನೋಡ್ಕೊಳ್ಳಿ."

ಬಾಳೂರಿನ ಬಸ್ ಬಂತು, ಅವಳು ಹತ್ತಿ ಹೋದಳು.

ಫೈನಲ್ ದಿನ ಕೋರ್ಟ್ ಸುತ್ತ ನಿಲ್ಲಲು ಜಾಗವಿರಲಿಲ್ಲ. ಗೆದ್ದವರಿಗೆ ಕಪ್, ಜೊತೆಗೆ ದಯಾನಂದ ಸರ್ ತೋಟದ ಒಂದು ಬುಟ್ಟಿ ಕಿತ್ತಳೆ.

ಎಂ.ಕಾಂ. ಮೂವತ್ತು, ಬಿ.ಕಾಂ. ಇಪ್ಪತ್ತೆಂಟು. ಉಳಿದದ್ದು ಆರು ಸೆಕೆಂಡ್.

ಬಿ.ಕಾಂ. ಕ್ಯಾಪ್ಟನ್ ಸುದೀಪ ಚೆಂಡನ್ನು ಪಂಚಮಿಯತ್ತ ಎಸೆದ. ಅವಳು ಹಾಕಿದರೆ ಮೂರು. ಗೆದ್ದಂತೆಯೇ! ಎದುರಿಗೆ ಅಶ್ವಿನ್. ಅವಳು ಎಗರಿದಳು...

ಈ ಸಲ ಅವನೂ ಎಗರಿದ!

ಅವನ ಅಂಗೈ ಚೆಂಡಿಗೆ ಮಾತ್ರ ತಾಗಿತು. ಅವಳ ಬೆರಳಿಗೂ ತಾಗಲಿಲ್ಲ. ಚೆಂಡು ಗೆರೆ ದಾಟಿ ಹೊರಗೆ ಹಾರಿತು.

ಅಶ್ವಿನ್ ನೆಲಕ್ಕಿಳಿದವನೇ ಬಲಗೈ ಎತ್ತಿ ನಿಂತ.

"ನಾನು ತಡೆದೆ ಸಾರ್. ಪಾಯಿಂಟ್ ಅವರದ್ದು."

ಬಿ.ಕಾಂ. ಹುಡುಗರು ಕುಣಿಯತೊಡಗಿದರು. ದಯಾನಂದ ಸರ್ ತಲೆ ಚಚ್ಚಿಕೊಂಡರು. "ನೀನೇ ಬರೆದ ರೂಲ್ ನೀನೇ ಮುರಿದ್ಯಲ್ಲೋ! ಹುಡುಗೀರು ಬಿದ್ದು ಕೈಕಾಲು ಮುರಿದ್ಕೊಂಡ್ರೆ ಮನೆಯವರಿಗೆ ಎಂತ ಹೇಳೋದು, ಅವರು ಆಡೋದೇ ಬೇಡ ಅಂದಿದ್ದೆ ನಾನು. ಮೂರು ದಿನ ನನ್ನ ರೂಮಿನ ಬಾಗಿಲಲ್ಲಿ ನಿಂತು, ಈ ರೂಲ್ ಹಾಕಿಯಾದ್ರೂ ಅವರನ್ನ ಸೇರಿಸ್ಕೊಳ್ಳಿ ಅಂದವನು ನೀನು!"

ಪಂಚಮಿ ತಿರುಗಿ ಅಶ್ವಿನ್‌ನನ್ನು ನೋಡಿದಳು. ಅಂದರೆ... ಆ ರೂಲ್ ಇಲ್ಲದಿದ್ದರೆ ತಾನು ಈ ಕೋರ್ಟಿಗೇ ಇಳಿಯುತ್ತಿರಲಿಲ್ಲವಾ? ಮೂರು ವಾರದಿಂದ ತಾನು ದ್ವೇಷಿಸಿದ್ದು ಯಾರನ್ನ?

ಅಳು ಬಂತು. ಆದರೆ ಅಳುವ ಹೊತ್ತಲ್ಲ ಇದು. ಅವಳು ನೆಟ್ಟಗೆ ಮುಂದೆ ಬಂದಳು.

"ಅಶ್ವಿನ್, ಕೈ ಇಳಿಸಿ. ಅದು ಫೌಲ್ ಅಲ್ಲ. ಸಾರ್, ನನಗೆ ಆ ಪಾಯಿಂಟ್ ಬೇಡ."

"ಪಂಚಮೀ!" ಸುದೀಪ ಕಿರುಚಿದ. "ಕೈಗೆ ಬಂದ ಕಪ್ಪಲ್ವೇ ಮಾರಾಯ್ತಿ!"

"ಗೊತ್ತು ಸುದೀಪ. ಕಪ್ ನನ್ನೊಬ್ಬಳದ್ದಲ್ಲ, ಐದೂ ಜನರದ್ದು. ನೀನು ಬೇಕು ಅಂದ್ರೆ ತಗೊಳ್ಳೋಣ. ಆದ್ರೆ ನೀನೇ ಹೇಳು, ಆ ಚೆಂಡು ಒಳಗೆ ಬಿತ್ತಾ?"

ಸುದೀಪ ರಿಂಗ್ ನೋಡಿದ. ನೆಲ ನೋಡಿದ. ಉದ್ದಕ್ಕೆ ಉಸಿರು ಬಿಟ್ಟ.

"ಬಿದ್ದಿಲ್ಲ... ಸರಿ, ಆಡೋಣ ಬಾ. ಕಿತ್ತಳೆ ಹೋಯ್ತು ಅಷ್ಟೇ!"

ಬಿ.ಕಾಂ. ತಂಡದ ಎಸೆತ. ನಾಲ್ಕು ಸೆಕೆಂಡ್. ಬಾಸ್ಕೆಟ್ ಬಿದ್ದರೂ ಎರಡೇ ಪಾಯಿಂಟ್ ಎಂದು ಅವಳೇ ಸರ್‌ಗೆ ಹೇಳಿದಳು. ಚೆಂಡು ಮತ್ತೆ ಅವಳ ಕೈಗೆ ಬಂತು. ಅಶ್ವಿನ್ ಎರಡೂ ಕೈ ಮೇಲೆತ್ತಿ ಎದುರಿಗೆ ನಿಂತ. ಕಣ್ಣಲ್ಲಿ ದಯೆ ದಾಕ್ಷಿಣ್ಯ ಒಂದೂ ಇರಲಿಲ್ಲ.

ಅವಳು ಎಡಕ್ಕೆ ವಾಲಿ, ಬಲಕ್ಕೆ ಹಾರಿ, ಅವನ ಬೆರಳ ತುದಿಯ ಮೇಲಿಂದ ಎಸೆದಳು. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿತು...

ಹೊರಗೆ ಬಿತ್ತು.

ಸರ್ ಸೀಟಿ ಊದಿದರು. ಸೋತಳು, ನಮ್ಮ ಪಂಚಮಿ. ಸೋತು, ಮೊಣಕಾಲ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಎಲ್ಲ ಚದುರಿದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಅಶ್ವಿನ್ ಒಂದು ಕಿತ್ತಳೆ ಹಿಡಿದು ಬಂದ.

"ಬೇಡ. ನಾನೇ ಗೆದ್ದು ತಿಂತೀನಿ," ಅಂದಳು. ಆಮೇಲೆ ಮೆತ್ತಗೆ, "ಸಾರ್ ಬಾಗಿಲಲ್ಲಿ ನಿಂತದ್ದು ಎಂತಕ್ಕೆ ನನಗೆ ಹೇಳ್ಲಿಲ್ಲ?"

"ಹೇಳಿದ್ರೆ ಉಪಕಾರ ಹೊರಿಸಿದ ಹಾಗಾಗ್ತಿತ್ತು."

"ಮತ್ತೆ... ಎಂತಕ್ಕೆ ನಿಂತ್ರಿ?"

ಅವನು ನಿಧಾನವಾಗಿ ಬಲಗೈ ಮೇಲೆತ್ತಿದ.

"ಇದೆಂತ ಈಗ?"

"ಇನ್ನೊಂದು ಫೌಲ್ ಇದೆ. ಯಾರೂ ನೋಡಿಲ್ಲ. ಹೋದ ವರ್ಷ ನೀವೊಬ್ಬರೇ ಈ ಕೋರ್ಟಲ್ಲಿ ಆಡ್ತಾ ಇರೋದನ್ನ ದಿನಾ ಲೈಬ್ರರಿ ಕಿಟಕಿಯಿಂದ ನೋಡ್ತಿದ್ದೆ. ಅವತ್ತಿಂದ ನಿಮ್ಮನ್ನ ಇಷ್ಟಪಟ್ಟಿದ್ದೀನಿ ಪಂಚಮಿ. ಹೇಳದೆ ಮುಚ್ಚಿಟ್ಟಿದ್ದೀನಿ."

ಅವನ ಕೈ ಹಾಗೇ ಮೇಲಿತ್ತು.

ಪಂಚಮಿ ಶೂ ಕೆಳಗಿಟ್ಟಳು. ತಲೆ ತಗ್ಗಿಸಿಯೇ ತನ್ನ ಕೈಯನ್ನೂ ಮೇಲೆತ್ತಿದಳು.

"ನೀವು... ನೀವ್ಯಾಕೆ?"

"ಮೂರು ವಾರದಿಂದ ನಾನೂ ಮುಚ್ಚಿಡ್ತಾ ಇದ್ದೆ. ಸಿಟ್ಟು ಅಂದ್ಕೊಂಡಿದ್ದೆ, ಮಾರಾಯ್ರೇ!"

ಅವನು ನಕ್ಕ. ಅವಳು ಕಣ್ಣೊರೆಸಿಕೊಂಡಳು.

"ಭಾನುವಾರ ಬಾಳೂರಿಗೆ ಬನ್ನಿ. ಕಾಫಿ ಗುಡ್ಡೆ ಮಾಡೋಕೆ ಅಪ್ಪನಿಗೆ ಜನ ಸಾಲ್ತಿಲ್ಲ. ಅದು ಮುಗಿದ ಮೇಲೆ ಆಟ."

"ನಿಮ್ಮ ಅಪ್ಪ ನೋಡ್ತಿದ್ರೆ, ನಿಮ್ಮೆದುರು ಪಕ್ಕಕ್ಕೆ ಸರೀಬೇಕಾ?"

"ಸರಿದ್ರೆ ನೋಡಿ!"