ಇಂಗಾಳ ಎಡಗೈ

"ಆ ಲಿವರ್ ಬಿಡ್ತೀರಾ?"

ಕ್ಯಾಸಿಮಿರ್ ಬೆಚ್ಚಿ ಕೈ ತೆಗೆದ. ಕೇಳದೆ ಇನ್ನೊಬ್ಬರ ಬೈಕ್ ಮುಟ್ಟುವುದು ಅಮೆರಿಕದ ಈ ಮಿಲ್ವಾಕಿ ಊರಿನಲ್ಲಿ ಮಹಾಪರಾಧ. ಅವನು ಗ್ಯಾರೇಜಿನ ಮಾಲೀಕನಾದರೂ ಅಷ್ಟೆ.

ಎದುರಿಗೆ ಬೈಕಿನ ಒಡತಿ ಇಂಗಾ. ಕಂಕುಳಲ್ಲಿ ಹೆಲ್ಮೆಟ್, ಕಣ್ಣಲ್ಲಿ ಕೆಂಡ.

"ಕ್ಲಚ್ ಎಷ್ಟು ಗಟ್ಟಿ ಅಂತ ನೋಡ್ದೆ. ಅದಕ್ಕೇ ತಾನೆ ನೀವು ಬಂದಿರೋದು?"

"ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಉತ್ತರ ಕೊಡೋರಾ ನೀವು? ಬೇಸಿಗೆಯೆಲ್ಲಾ ಸರೋವರದ ರಸ್ತೇಲಿ ಎದುರಾದಾಗೆಲ್ಲಾ ಸಲಾಮು ಹೊಡ್ದೆ. ಒಂದ್ಸಲಾನೂ ವಾಪಸ್ ಬರ್ಲಿಲ್ಲ."

ಸವಾರರು ಎದುರಾದಾಗ ಎಡಗೈ ಕೆಳಗಿಳಿಸಿ ಸಲಾಮು ಹೇಳುತ್ತಾರೆ. ಹೇಳದವರು ಜಂಬದವರೆಂದೇ ಲೆಕ್ಕ.

ಇಂಗಾ ಎಡಗೈಯ ಗ್ಲೌಸ್ ಕಳಚಿದಳು. ಮಣಿಕಟ್ಟಿನ ಮೇಲೆ ಉದ್ದಕ್ಕೂ ಹೊಲಿಗೆಯ ಗುರುತು.

"ಬೈಕಿಂದ ಬಿದ್ದು ಮೂಳೆ ಮುರೀತು, ಒಳಗೆ ಸ್ಟೀಲ್ ಪಟ್ಟಿ ಹಾಕಿದಾರೆ. ಕ್ಲಚ್ ಹಿಡಿದೂ ಹಿಡಿದೂ ಬೆರಳು ಮರಗಟ್ಟಿರುತ್ತೆ. ಒಂದ್ಸಲ ಹ್ಯಾಂಡಲ್ ಬಿಟ್ರೆ ಮತ್ತೆ ಹಿಡಿಯೋಕಾಗುತ್ತೋ ಇಲ್ವೋ..."

ಛೆ, ಎಷ್ಟು ಬೈದುಕೊಂಡೆ ಇವಳನ್ನ... ಕ್ಯಾಸಿಮಿರನ ಮುಖ ಸಪ್ಪಗಾಯಿತು.

"ಅಯ್ಯೋ ಪಾಪ ಅನ್ನೋ ಮುಖ ಬೇಡ. ಅದು ನಮ್ಮಣ್ಣಂದೇ ಸಾಕು. ಬೈಕ್ ನಂಗೆ ಕೊಡು, ನೀನು ಸ್ಕೂಟರ್ ತಗೋ ಅಂತಾನೆ. ಕ್ಲಚ್ ಹಗುರ ಆಗ್ದಿದ್ರೆ ಈ ಭಾನುವಾರ ಕೊಡ್ತೀನಿ ಅಂತ ಮಾತು ಕೊಟ್ಬಿಟ್ಟಿದೀನಿ."

"ಹಾಗಾದ್ರೆ ಆಟೋಮ್ಯಾಟಿಕ್ ಕ್ಲಚ್ ಹಾಕ್ತೀನಿ. ಕೈಗೆ ಕೆಲಸಾನೇ ಇರಲ್ಲ."

"ನನ್ನ ಕೈ ಸತ್ತಿಲ್ಲ."

"ಮೆತ್ತನೆ ಸ್ಪ್ರಿಂಗ್?"

"ಈ ಎಂಜಿನ್ ಎಳೆತಕ್ಕೆ ಕ್ಲಚ್ ಪ್ಲೇಟ್ ಜಾರುತ್ತೆ. ಲಾರಿ ದಾಟೋವಾಗ ಜಾರಿದ್ರೆ ನೀವು ಬಂದು ತಳ್ತೀರಾ?"

ಅವನಿಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಬೇರೆ ಬಗೆಯ ಕ್ಲಚ್ಚಿನ ಪೆಟ್ಟಿಗೆ ತಂದ.

"ಇದ್ರಲ್ಲೂ ಸ್ಪ್ರಿಂಗ್ ಮೆತ್ತಗೇ. ಆದ್ರೆ ಎಂಜಿನ್ ಎಳೆದಷ್ಟೂ ಪ್ಲೇಟ್‌ಗಳು ತಾವೇ ಬಿಗಿಯಾಗ್ತವೆ. ಲಿವರ್ ಮಾತ್ರ ನಿಮ್ಮ ಕೈಲೇ ಇರುತ್ತೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಮತ್ತೆ ಬಿದ್ದುಬಿಟ್ರೆ ಅಂತ... ಹೆದರಿಕೆ ಆಯ್ತು."

ಇಂಗಾ ತಲೆಯೆತ್ತಿ ಅವನನ್ನು ನೋಡಿದಳು. ನಾನು ಬಿದ್ರೆ ಇವನಿಗ್ಯಾಕೆ ಹೆದರಿಕೆ?

"ಅದನ್ನೇ ಹಾಕಿ," ಎಂದಳು.

ಶುಕ್ರವಾರ ಸಂಜೆ ಹೊಸ ಕ್ಲಚ್ ಸಿದ್ಧವಾಯಿತು. ಎರಡೇ ಬೆರಳಿಗೆ ಲಿವರ್ ಬಂತು. ಇಂಗಾ ಬಂದರಿನ ಎತ್ತರದ ಸೇತುವೆಯನ್ನು ಪೂರಾ ವೇಗದಲ್ಲಿ ಹತ್ತಿದಳು... ಪ್ಲೇಟ್ ಜಾರಲಿಲ್ಲ. ಹೆಲ್ಮೆಟ್ಟಿನೊಳಗೆ ಅವಳು ಅತ್ತೇಬಿಟ್ಟಳು.

ವಾಪಸ್ ಬಂದವಳೇ ಅಣ್ಣನಿಗೆ ಫೋನ್ ಮಾಡಿದಳು. "ಭಾನುವಾರ ಬಾ. ಕಾಫಿ ಕುಡಿದು ಬಸ್ಸಲ್ಲಿ ಹೋಗು."

ಆಮೇಲೆ ಕ್ಯಾಸಿಮಿರನ ಕಡೆ ತಿರುಗಿದಳು. "ಮೀನೂಟಕ್ಕೆ ಹೋಗೋಣ. ಹತ್ತಿ."

"ಇರಿ, ನನ್ನ ಬೈಕ್ ತರ್ತೀನಿ."

"ಬೇಡ. ಹಿಂದೆ ಕೂತ್ಕೊಳ್ಳಿ."

ಗಂಡಸು ಹೆಂಗಸಿನ ಹಿಂದೆ ಕೂತರೆ ಇಲ್ಲಿ ವರ್ಷಗಟ್ಟಲೆ ಗೇಲಿ ತಪ್ಪಿದ್ದಲ್ಲ. ಬಾಗಿಲಲ್ಲಿದ್ದ ಅವನ ಗೆಳೆಯರು ಆಗಲೇ ಸಿಳ್ಳೆ ಹಾಕತೊಡಗಿದ್ದರು.

ಕ್ಯಾಸಿಮಿರ್ ಅವರತ್ತ ಒಮ್ಮೆ ನೋಡಿದ. ಹೆಲ್ಮೆಟ್ ಹಾಕಿಕೊಂಡು ಹಿಂದೆ ಹತ್ತಿ ಕೂತ.

"ನಗ್ತಿದಾರೆ. ಪರ್ವಾಗಿಲ್ವಾ?"

"ನಗ್ಲಿ. ನಂಗೆ ನೀನಂದ್ರೆ ಇಷ್ಟ, ಇಂಗಾ."

"ಗಟ್ಟಿಯಾಗಿ ಹೇಳು. ಅವರಿಗೂ ಕೇಳಿಸ್ಲಿ."

ಅವನು ಬೀದಿಗೆಲ್ಲ ಕೇಳುವಂತೆ ಹೇಳಿದ.