ಅಂಗಡಿ ದೊಡ್ಡದು ಮಾಡೋಣ

"ನಮ್ಮ ಗಿರಾಕಿಗಳನ್ನೆಲ್ಲ ನೀವೇ ಇಟ್ಕೊಳ್ಳಿ..."

ಮೂಡಿಗೆರೆಯಲ್ಲಿ ಹೊಸದಾಗಿ ತೆರೆದ ಸೈಬರ್ ಸೆಂಟರಿನ ಬಾಗಿಲಲ್ಲಿ ನಿಂತು ಇಷ್ಟು ಹೇಳಿ ಪಂಚಮಿ ಮುಖ ತಿರುಗಿಸಿಕೊಂಡಳು. ಇಂಟರ್ನೆಟ್ಟಿನಿಂದ ಹಾಡು ಇಳಿಸಿ ಸಿಡಿಗೆ ತುಂಬಿಕೊಡುತ್ತಿದ್ದ ರಮಾಕಾಂತ ಎದ್ದು ನಿಂತ. ಜಗಳಕ್ಕೆ ಬಂದವಳ ಕಣ್ಣಲ್ಲಿ ನೀರು! ಪಾಪ, ಅವನ ಕಥೆ ಅಲ್ಲಿಗೇ ಮುಗಿಯಿತು ಅನ್ನಿ.

ಪಕ್ಕದ ಮಳಿಗೆಯೇ ಅವಳದು, ತೀರಿಹೋದ ಅಪ್ಪನ ಕ್ಯಾಸೆಟ್ ಅಂಗಡಿ. ಒಂದು ಕಾಲಕ್ಕೆ ಸಂತೆಗೆ ಬಂದವರು ಅಲ್ಲಿ ನಿಂತು ಒಂದು ಹಾಡಾದರೂ ಕೇಳದೆ ಬಸ್ಸು ಹತ್ತುತ್ತಿರಲಿಲ್ಲ. ಈಗ ಚಿಲ್ಲರೆ ಕೇಳುವವರು ಮಾತ್ರ ಬರುತ್ತಿದ್ದರು.

ಅಂದಿನಿಂದ ರಮಾಕಾಂತ ದಿನಾ ಬಂದು ಕ್ಯಾಸೆಟ್ ಕೊಂಡ. ಅವನ ಹತ್ತಿರ ಟೇಪ್ ರೆಕಾರ್ಡರೇ ಇರಲಿಲ್ಲ! ಅದು ಪಂಚಮಿಗೂ ಗೊತ್ತು. ಗೊತ್ತಿದ್ದೂ ಅವನು ಬರುವ ಹೊತ್ತಿಗೆ ಜಡೆ ಸರಿಮಾಡಿಕೊಳ್ಳುತ್ತಿದ್ದಳು.

ಒಂದು ದಿನ ಅವನು ತಡವರಿಸುತ್ತ ಹೇಳಿದ. "ಪಂಚಮಿಯವ್ರೇ... ಈ ಅಂಗಡಿ ದೊಡ್ಡದು ಮಾಡೋಣ."

ಅವಳ ಮುಖ ಬಿಳಿಚಿತು. ಅವರ ಮನೆಯಲ್ಲಿ ದೀಪ ಆರಿಸು ಅನ್ನುವಂತಿಲ್ಲ, ದೊಡ್ಡದು ಮಾಡು ಅನ್ನಬೇಕು. ಅಪ್ಪ ಅಂಗಡಿಗೂ ಅದೇ ಮಾತು ಆಡುತ್ತಿದ್ದರು. ಮುಚ್ಚು ಅಂದರೆ ಅಪಶಕುನ, ಹಾಗಾಗಿ ದಿನಾ ಸಂಜೆ "ಅಂಗಡಿ ದೊಡ್ಡದು ಮಾಡು ಮಗಾ" ಅನ್ನುತ್ತಿದ್ದರು.

ಇವನೂ ಮುಚ್ಚು ಅಂದುಬಿಟ್ಟನಲ್ಲ... ಅವಳು ಎದ್ದುಹೋದಳು. ಮರುವಾರ ಇದ್ದಬದ್ದ ಮಾಲನ್ನೆಲ್ಲ ಚಿಕ್ಕಮಗಳೂರಿನ ವ್ಯಾಪಾರಿಗೆ ಸಾಗಿಸಿ, ಬೀಗದ ಕೈ ಒಪ್ಪಿಸಲು ಮಳಿಗೆಯ ಮಾಲೀಕ ಶಾಂತವೀರಪ್ಪನವರ ಮನೆಗೆ ಹೋದಳು.

ಅವರು ಕಕ್ಕಾಬಿಕ್ಕಿಯಾದರು. "ಅಲ್ಲ ಮಾರಾಯ್ತಿ, ನಡುಗೋಡೆ ತೆಗ್ದು ಎರಡೂ ಮಳಿಗೆ ಒಂದು ಮಾಡ್ತೀನಿ ಅಂತ ಆ ಹುಡುಗ ನನ್ನ ಒಪ್ಪಿಸಿ ಹೋಗಿದಾನಲ್ಲ? ಬೋರ್ಡಿಗೆ ನಿಮ್ಮಪ್ಪನ ಹೆಸರೇ ಇರ್ಲಿ ಅಂದ."

ಪಂಚಮಿ ಓಡೋಡಿ ಬಂದಳು. ಬರಿದಾದ ಅಂಗಡಿಯ ಮುಂದೆ ಅವನು ನಿಂತಿದ್ದ. ತಾನು ಏನೆಂದು ತಿಳಿದೆ, ಏಕೆ ತಿಳಿದೆ ಎಂದು ಅವಳು ಬಿಕ್ಕುತ್ತಲೇ ಹೇಳಿದಳು. ಅವನ ಕಣ್ಣೂ ತುಂಬಿತು. ಮಾಲು ವಾಪಸ್ ತರುತ್ತೇನೆ ಅಂದ.

"ತಂದ್ರೂ ಕೇಳೋರು ಬೇಕಲ್ಲ," ಅಂದಳು. ಅಪ್ಪ ಹೋದಾಗಲೂ ಇಷ್ಟು ಅತ್ತಿರಲಿಲ್ಲ ಅವಳು.

ಅವನು ಮೆಲ್ಲಗೆ ಹೇಳಿದ. "ಅಂಗಡಿ ಉಳಿಸೋಕೆ ಅಂತ ಹೇಳಿದ್ದಲ್ಲ ನಾನು. ದಿನಾ ನಿಮ್ಮನ್ನ ನೋಡ್ಬೇಕಿತ್ತು... ಅಷ್ಟೇ."

"ನೋಡೋಕೆ ಇನ್ನು ಅಂಗಡಿ ಇಲ್ಲ."

"ಮತ್ತೆ ಎಲ್ಲಿಗೆ ಬರ್ಲಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮನೆಗೇ ಬನ್ನಿ. ನಾಳೆ ಅಮ್ಮ ಇರ್ತಾರೆ."